ಏಡಿಯ ಚಿಪ್ಪಿನಿಂದ ಮಂಡಿಯ ಕೀಲಿಗೆ



ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮೈಯಲ್ಲಿ ಏನೇ ತೊಂದರೆ ಕಾಣಿಸಿಕೊಳ್ಳಲಿ, ಮನೆಯ ಹಿರಿಯರು ಮೊದಲು ಕೇಳುವುದು ‘ನಿನ್ನೆ ಏನು ತಿಂದೆ?’ ಎಂದೇ. ಕೀಲುನೋವಿನ ವಿಷಯದಲ್ಲಂತೂ ಈ ಪ್ರಶ್ನೆಗೆ ಎರಡು ಮುಖ. ಯಾವುದನ್ನು ತಿಂದದ್ದರಿಂದ ನೋವು ಬಂತು ಎಂಬುದು ಒಂದು. ಯಾವುದನ್ನು ತಿಂದರೆ ಅದು ಹೋದೀತು ಎಂಬುದು ಇನ್ನೊಂದು. ಆಲೂಗಡ್ಡೆ ವಾಯು, ಕಡಲೆಬೇಳೆ ವಾಯು ಎಂದು ತಟ್ಟೆಯಿಂದ ಬದಿಗೆ ಸರಿಸುವವರಿದ್ದಾರೆ. ಮಂಡಿಗೆ ಬಲ ಬರಲೆಂದು ವಾರಕ್ಕೊಮ್ಮೆ ಕಾಲು ಸೂಪು ಕಾಯಿಸಿ ಕುಡಿಯುವವರಿದ್ದಾರೆ. 1990ರ ದಶಕದ ಕೊನೆಯಿಂದೀಚೆಗೆ ಇವುಗಳ ಸಾಲಿಗೆ ಒಂದು ಮಾತ್ರೆ ಸೇರಿದೆ. ಅದರ ಹೆಸರು ಗ್ಲುಕೋಸಮೈನ್. ಅಮೆರಿಕದಿಂದ ರಜೆಗೆ ಬರುವ ಮಕ್ಕಳ ಪೆಟ್ಟಿಗೆಯಲ್ಲಿ ಚಾಕೊಲೇಟಿನ ಜತೆ ಬಂದ ಈ ದೊಡ್ಡ ಬಾಟಲಿ, ಈಗ ಊರಿನ ಔಷಧಿ ಅಂಗಡಿಯಲ್ಲೇ ಸಿಗುತ್ತದೆ.

ಈ ಮಾತ್ರೆ ಎಲ್ಲಿಂದ ಬಂತು, ಅದರ ಮೇಲೆ ಇಷ್ಟೊಂದು ನಂಬಿಕೆ ಏಕೆ ಹುಟ್ಟಿತು, ಪರೀಕ್ಷೆಗೆ ಒಡ್ಡಿದಾಗ ಆ ನಂಬಿಕೆ ಎಷ್ಟರ ಮಟ್ಟಿಗೆ ನಿಂತಿತು ಎಂಬುದು ಇಂದಿನ ವಿಷಯ. ಇದು ಬರೀ ಕುತೂಹಲದ ಕಥೆಯಲ್ಲ. ಪಿಂಚಣಿಯ ಹಣದಲ್ಲಿ ತಿಂಗಳು ತಿಂಗಳೂ ಮಾತ್ರೆ ಕೊಳ್ಳುವವರ ಪ್ರಶ್ನೆ ಇದರಲ್ಲಿದೆ. ಮಾತ್ರೆಯನ್ನು ನಂಬಿ ಕಾಯುತ್ತ ಕೂತು, ಚಿಕಿತ್ಸೆಯ ಸಮಯವನ್ನೇ ಕಳೆದುಕೊಳ್ಳುವವರ ಪ್ರಶ್ನೆಯೂ ಇದೆ.

ಸವೆದದ್ದನ್ನು ತಿಂದು ತುಂಬುವುದು

ಕಳೆದುಕೊಂಡದ್ದನ್ನೇ ತಿಂದರೆ ಅದು ಮರಳಿ ಬರುತ್ತದೆ ಎಂಬ ಆಲೋಚನೆ ಬಹಳ ಹಳೆಯದು. ಅದು ಅಜ್ಞಾನಿಗಳ ಆಲೋಚನೆಯೇನೂ ಅಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಇದನ್ನು ಒಂದು ತತ್ವವಾಗಿಯೇ ಹೇಳಲಾಗಿದೆ. ಸಮಾನವಾದದ್ದು ಸಮಾನವಾದದ್ದನ್ನು ಬೆಳೆಸುತ್ತದೆ: ಮಾಂಸದಿಂದ ಮಾಂಸ, ರಕ್ತದಿಂದ ರಕ್ತ, ಮಜ್ಜೆಯಿಂದ ಮಜ್ಜೆ. ಅದೇ ಪಟ್ಟಿಯಲ್ಲಿ ಮೂಳೆಯನ್ನು ಬೆಳೆಸುವುದು ತರುಣಾಸ್ಥಿ ಎಂಬ ಮಾತೂ ಇದೆ. ತರುಣಾಸ್ಥಿಯೆಂದರೆ ಎಳೆಯ ಮೂಳೆ; ಇಂದಿನ ಪಠ್ಯಪುಸ್ತಕಗಳು ಮೃದ್ವಸ್ಥಿ ಎಂದು ಕರೆಯುವ ವಸ್ತು. ಮೂಗಿನ ತುದಿಯಲ್ಲಿ, ಕಿವಿಯ ಹಾಲೆಯ ಮೇಲ್ಭಾಗದಲ್ಲಿ ಬಗ್ಗಿಸಿದರೆ ಬಗ್ಗುವ ಭಾಗ ಅದೇ. ಮಂಡಿಯೊಳಗೆ ಎರಡು ಮೂಳೆಗಳ ತುದಿಗೆ ಹೊದಿಕೆಯಾಗಿರುವುದೂ ಅದರದೇ ಇನ್ನೊಂದು ಬಗೆ. ಕಾಲು ಸೂಪಿನ ಹಿಂದಿರುವ ತರ್ಕವೂ ಇದೇ. ಕುರಿಯ ಕಾಲಿನ ಕೀಲು ಕರಗಿ ಸಾರಾಗುತ್ತದೆ, ಸಾರು ಮನುಷ್ಯನ ಕಾಲಿಗೆ ಸೇರುತ್ತದೆ.

ಯೂರೋಪಿನಲ್ಲೂ ಇಂಥದೇ ಆಸೆಯೊಂದು ಹುಟ್ಟಿತ್ತು. 1680ರ ಸುಮಾರಿಗೆ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಗಟ್ಟಿ ಮುಚ್ಚಳದ ಪಾತ್ರೆಯಲ್ಲಿ ಹಬೆಯನ್ನು ಹಿಡಿದಿಟ್ಟು ಮೂಳೆಗಳನ್ನು ಮೆತ್ತಗೆ ಬೇಯಿಸಿ ತೋರಿಸಿದ. ಇಂದಿನ ಪ್ರೆಶರ್ ಕುಕ್ಕರಿನ ಮೂಲಪುರುಷ ಆ ಪಾತ್ರೆಯೇ. ಮುಂದೆ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ರೋಗಿಗಳಿಗೂ ಬಡವರಿಗೂ ಮೂಳೆಯಿಂದ ತೆಗೆದ ಜೆಲಟಿನ್ ಸಾರನ್ನು ಪುಷ್ಟಿಕರ ಆಹಾರವೆಂದು ಬಡಿಸಲಾಯಿತು. ಮಾಂಸಕ್ಕೆ ಬದಲು ಮೂಳೆಯ ಸಾರು ಸಾಕು ಎಂಬುದು ವಾದ. ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಇದನ್ನು ಪರೀಕ್ಷಿಸಲು ಒಂದು ಸಮಿತಿಯನ್ನು ನೇಮಿಸಿತು. ಶರೀರಶಾಸ್ತ್ರಜ್ಞ ಫ್ರಾಂಸ್ವಾ ಮಜಾಂದಿ ನಾಯಿಗಳಿಗೆ ಜೆಲಟಿನ್ ತಿನ್ನಿಸಿ ನೋಡಿ 1841ರಲ್ಲಿ ವರದಿ ಒಪ್ಪಿಸಿದ. ಜೆಲಟಿನ್ ಒಂದನ್ನೇ ತಿಂದ ಪ್ರಾಣಿ ಬದುಕಿ ಬಾಳುವುದಿಲ್ಲ ಎಂಬುದು ಅದರ ಸಾರಾಂಶ. ಹೊಟ್ಟೆಗೆ ಹೋದದ್ದೆಲ್ಲ ಇದ್ದ ಹಾಗೆಯೇ ಮೈಗೆ ಸೇರುವುದಿಲ್ಲ ಎಂಬ ಪಾಠ ಅಂದೇ ಸಿಕ್ಕಿತ್ತು. ಜೀರ್ಣಾಂಗಗಳು ಆಹಾರವನ್ನು ಒಡೆದು ಸಣ್ಣ ಸಣ್ಣ ಚೂರುಗಳನ್ನಾಗಿ ಮಾಡುತ್ತವೆ. ಆ ಚೂರುಗಳನ್ನು ಎಲ್ಲಿಗೆ ಕಳಿಸಬೇಕೆಂಬುದನ್ನು ಶರೀರ ನಿರ್ಧರಿಸುತ್ತದೆಯೇ ಹೊರತು ತಿನ್ನುವವನಲ್ಲ. ಇಂದು ಡಬ್ಬಿಗಳಲ್ಲಿ ಮಾರಾಟವಾಗುವ ಕೊಲಾಜನ್ ಪುಡಿಗೂ ಈ ಮಾತು ಅನ್ವಯಿಸುತ್ತದೆ. ಜೆಲಟಿನ್ ಎಂಬುದು ಬೆಂದ ಕೊಲಾಜನ್ನೇ.

ಚಿಪ್ಪಿನ ಸಕ್ಕರೆ

ಗ್ಲುಕೋಸಮೈನಿನ ಕಥೆ ಶುರುವಾಗುವುದು 1876ರಲ್ಲಿ. ಜರ್ಮನಿಯ ಯುವ ವಿಜ್ಞಾನಿ ಗೇಯಾರ್ಗ್ ಲೆಡ್ಡರ್‌ಹೋಸ್, ಏಡಿ ಸೀಗಡಿಗಳಂಥ ಪ್ರಾಣಿಗಳ ಚಿಪ್ಪಿನಲ್ಲಿರುವ ಕೈಟಿನ್ ಎಂಬ ವಸ್ತುವನ್ನು ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿದಾಗ ಹರಳುಗಳು ಸಿಕ್ಕಿದವು. ಅದು ಸಾರಜನಕ ಸೇರಿದ ಒಂದು ಸಕ್ಕರೆ. ಅದರ ರಚನೆಯನ್ನು ಖಚಿತವಾಗಿ ಗೊತ್ತುಪಡಿಸಲು 1939ರವರೆಗೆ, ವಾಲ್ಟರ್ ಹಾವರ್ತ್ ಕೈಗೆ ಅದು ಸಿಗುವವರೆಗೆ, ಕಾಯಬೇಕಾಯಿತು. ಲೆಡ್ಡರ್‌ಹೋಸ್‌ಗೆ ಮಂಡಿನೋವಿನ ಯೋಚನೆಯೇನೂ ಇರಲಿಲ್ಲ. ಚಿಪ್ಪು ಯಾವುದರಿಂದ ಆಗಿದೆ ಎಂಬುದಷ್ಟೇ ಅವನ ಪ್ರಶ್ನೆ.

ಇದೇ ಸಕ್ಕರೆ ಮನುಷ್ಯನ ಮೃದ್ವಸ್ಥಿಯಲ್ಲೂ ಕಟ್ಟಡದ ಇಟ್ಟಿಗೆಯಂತೆ ಬಳಕೆಯಾಗುತ್ತದೆ ಎಂದು ತಿಳಿದಾಗ ಹಳೆಯ ತರ್ಕಕ್ಕೆ ಹೊಸ ಜೀವ ಬಂತು. ಮಂಡಿಯ ಹೊದಿಕೆ ಸವೆದರೆ, ಇಟ್ಟಿಗೆ ಒದಗಿಸಿದರಾಯಿತು. ಯೂರೋಪಿನ ಕೆಲವು ದೇಶಗಳಲ್ಲಿ ಇದು ವೈದ್ಯರು ಬರೆದುಕೊಡುವ ಔಷಧವಾಯಿತು. ಅಮೆರಿಕದಲ್ಲಿ ಬೇರೆ ದಾರಿ ಹಿಡಿಯಿತು. 1994ರಲ್ಲಿ ಅಲ್ಲಿ ಬಂದ ಕಾಯಿದೆಯೊಂದು ಇಂಥ ವಸ್ತುಗಳನ್ನು ಪೂರಕ ಆಹಾರವೆಂದು ವರ್ಗೀಕರಿಸಿತು. ಔಷಧವಾದರೆ ಮಾರುವ ಮೊದಲು ಗುಣವನ್ನು ಸಾಬೀತು ಮಾಡಬೇಕು. ಪೂರಕ ಆಹಾರಕ್ಕೆ ಆ ಕಟ್ಟುಪಾಡಿಲ್ಲ. 1997ರಲ್ಲಿ ಜೇಸನ್ ಥಿಯೋಡೊಸಾಕಿಸ್ ಎಂಬ ವೈದ್ಯರ ‘ದಿ ಆರ್ತ್ರೈಟಿಸ್ ಕ್ಯೂರ್’ ಎಂಬ ಪುಸ್ತಕ ಬಂತು. ಗ್ಲುಕೋಸಮೈನನ್ನೂ, ದನ, ಶಾರ್ಕ್ ಮುಂತಾದ ಪ್ರಾಣಿಗಳ ಮೃದ್ವಸ್ಥಿಯಿಂದ ತೆಗೆಯುವ ಕಾಂಡ್ರಾಯ್ಟಿನನ್ನೂ ಜತೆಯಾಗಿ ತೆಗೆದುಕೊಳ್ಳಲು ಹೇಳಿದ ಆ ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು. ಪುಸ್ತಕದ ಹಿಂದೆ ಬಾಟಲಿಗಳೂ ಮಾರಾಟವಾದವು. ಅಲ್ಲಿಂದ ಬಾಟಲಿ ವಿಮಾನ ಹತ್ತಿ ಬೆಂಗಳೂರಿಗೂ ಧಾರವಾಡಕ್ಕೂ ಬಂತು. ಸಸ್ಯಾಹಾರಿ ಮನೆಗಳಲ್ಲಿ ಅದು ಏಡಿಯ ಚಿಪ್ಪು ಎಂದು ಗೊತ್ತಾಗದೆ ನುಂಗಿದವರೂ ಇರಬಹುದು.

ಹುಸಿಮಾತ್ರೆಯ ಎದುರು

ಆರಂಭದ ಪರೀಕ್ಷೆಗಳು ಆಸೆ ಹುಟ್ಟಿಸುವಂತಿದ್ದವು. 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ 212 ರೋಗಿಗಳನ್ನು ಮೂರು ವರ್ಷ ಗಮನಿಸಲಾಗಿತ್ತು. ಗ್ಲುಕೋಸಮೈನ್ ತೆಗೆದುಕೊಂಡವರ ಮಂಡಿಯ ಸವೆತ ನಿಧಾನವಾದಂತೆ ಎಕ್ಸ್-ರೇ ಚಿತ್ರಗಳು ತೋರಿಸಿದವು. ಆದರೆ ಇಂಥ ಹಲವು ಅಧ್ಯಯನಗಳ ಹಿಂದೆ ತಯಾರಕರ ಹಣವಿತ್ತು. ಆದ್ದರಿಂದ ಅಮೆರಿಕದ ಸರ್ಕಾರವೇ ಹಣ ಕೊಟ್ಟು ದೊಡ್ಡ ಪರೀಕ್ಷೆಯೊಂದನ್ನು ನಡೆಸಿತು. ಅದರ ಫಲಿತಾಂಶ 2006ರಲ್ಲಿ ಹೊರಬಂತು.

ಈ ಪರೀಕ್ಷೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮಂಡಿ ಸವೆತದ 1583 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಐದು ಗುಂಪು ಮಾಡಲಾಯಿತು. ಒಂದಕ್ಕೆ ಗ್ಲುಕೋಸಮೈನ್, ಒಂದಕ್ಕೆ ಕಾಂಡ್ರಾಯ್ಟಿನ್, ಒಂದಕ್ಕೆ ಎರಡೂ, ಒಂದಕ್ಕೆ ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆ. ಐದನೆಯ ಗುಂಪಿಗೆ ನೋಡಲು ಮಾತ್ರೆಯಂತೆಯೇ ಇದ್ದ, ಔಷಧವಿಲ್ಲದ ಹುಸಿಮಾತ್ರೆ. ಯಾರು ಯಾವುದನ್ನು ನುಂಗುತ್ತಿದ್ದಾರೆಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 24 ವಾರಗಳ ನಂತರ ನೋವು ಐದನೆಯ ಒಂದು ಪಾಲಾದರೂ ಕಡಿಮೆಯಾದವರನ್ನು ಲೆಕ್ಕ ಹಾಕಲಾಯಿತು. ಗ್ಲುಕೋಸಮೈನ್ ಗುಂಪಿನಲ್ಲಿ ನೂರಕ್ಕೆ 64 ಮಂದಿ. ಕಾಂಡ್ರಾಯ್ಟಿನ್ ಗುಂಪಿನಲ್ಲಿ ಸುಮಾರು 65. ಎರಡೂ ಸೇರಿದ ಗುಂಪಿನಲ್ಲಿ ಸುಮಾರು 67. ನೋವಿನ ಮಾತ್ರೆಯಲ್ಲಿ 70.

ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ? ನೂರಕ್ಕೆ 60.

ಅಂದರೆ ಬಾಟಲಿಯನ್ನು ಮೆಚ್ಚಿ ಮಾತಾಡುವವರು ಸುಳ್ಳು ಹೇಳುತ್ತಿರಲಿಲ್ಲ. ‘ಎರಡು ತಿಂಗಳು ತೆಗೆದುಕೊಂಡೆ, ಮೆಟ್ಟಿಲು ಹತ್ತುವಂತಾಯಿತು’ ಎಂದವರಿಗೆ ನಿಜವಾಗಿಯೂ ನೋವು ಕಡಿಮೆಯಾಗಿತ್ತು. ಆದರೆ ಅದೇ ಅವಧಿಯಲ್ಲಿ ಏನೂ ಇಲ್ಲದ ಮಾತ್ರೆ ನುಂಗಿದವರಿಗೂ ಹೆಚ್ಚುಕಡಿಮೆ ಅಷ್ಟೇ ಗುಣವಾಗಿತ್ತು. ಮಂಡಿನೋವು ಏರುತ್ತದೆ, ಇಳಿಯುತ್ತದೆ. ಮಾತ್ರೆ ಕೊಳ್ಳಲು ಹೋಗುವುದು ನೋವು ಏರಿದಾಗ. ಮುಂದೆ ಅದು ತಾನಾಗಿ ಇಳಿದಾಗ ಹೆಸರು ಮಾತ್ರೆಗೆ ಬರುತ್ತದೆ. ಏನೋ ಚಿಕಿತ್ಸೆ ನಡೆಯುತ್ತಿದೆ ಎಂಬ ಧೈರ್ಯವೂ, ಯಾರೋ ವಿಚಾರಿಸುತ್ತಿದ್ದಾರೆ ಎಂಬ ಸಮಾಧಾನವೂ ನೋವನ್ನು ತಗ್ಗಿಸುತ್ತವೆ.

ಆ ಪರೀಕ್ಷೆಯಲ್ಲಿ ಒಂದು ಸಣ್ಣ ಗುಂಪಿನಲ್ಲಿ, ಹೆಚ್ಚು ನೋವಿದ್ದವರಲ್ಲಿ, ಎರಡೂ ಸೇರಿದ ಮಾತ್ರೆ ಚೆನ್ನಾಗಿ ಕೆಲಸ ಮಾಡಿದಂತೆ ಕಂಡಿತ್ತು. ಮಾರುವವರು ಅದನ್ನೇ ಹಿಡಿದುಕೊಂಡರು. ಆದರೆ ಹೆಚ್ಚು ನೋವಿದ್ದ 164 ರೋಗಿಗಳ ಮೇಲೆ ಸ್ಪೇನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹುಸಿಮಾತ್ರೆಯ ಗುಂಪಿನವರಿಗೇ ನೋವು ಹೆಚ್ಚು ಕಡಿಮೆಯಾಗಿತ್ತು. ಅದಕ್ಕೂ ಮೊದಲು 2010ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಹತ್ತು ಪರೀಕ್ಷೆಗಳ 3803 ರೋಗಿಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿ, ಗಮನಿಸಬೇಕಾದಷ್ಟು ಪ್ರಯೋಜನ ಕಾಣುತ್ತಿಲ್ಲ ಎಂದಿತ್ತು. 2019ರಲ್ಲಿ ಅಮೆರಿಕದ ಸಂಧಿರೋಗ ತಜ್ಞರ ಸಂಘವು ಮಂಡಿ ಮತ್ತು ಸೊಂಟದ ಕೀಲಿನ ಸವೆತಕ್ಕೆ ಗ್ಲುಕೋಸಮೈನ್ ಬೇಡವೆಂದು ಸ್ಪಷ್ಟವಾಗಿಯೇ ಹೇಳಿತು.

ಪರದೇಶದ ಮಾತ್ರೆ ಸೋತರೇನು, ನಮ್ಮ ಗಿಡಮೂಲಿಕೆಗಳಿವೆಯಲ್ಲ ಎಂದು ಕೇಳಬಹುದು. ಗಿಡಮೂಲಿಕೆಗಳನ್ನು ತಳ್ಳಿಹಾಕುವಂತಿಲ್ಲ. ಯೂರಿಕ್ ಆಮ್ಲದಿಂದ ಬರುವ ಗೌಟ್ ಎಂಬ ಕೀಲುನೋವಿಗೆ ಇಂದಿಗೂ ಕೊಡುವ ಕಾಲ್ಚಿಸಿನ್ ಒಂದು ಗಿಡದ ಗಡ್ಡೆಯಿಂದ ಬಂದದ್ದು. 1820ರಲ್ಲಿ ಅದನ್ನು ಬೇರ್ಪಡಿಸಲಾಯಿತು. ಅದು ಪರೀಕ್ಷೆಯಲ್ಲಿ ಗೆದ್ದು ಔಷಧವಾಯಿತು. ಆಯುರ್ವೇದದ ಶಲ್ಲಕಿ ಮರದ ಅಂಟಿನ ಸಾರ ಮಂಡಿನೋವನ್ನು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತದೆ ಎಂದು 2014ರ ಒಂದು ಪರಾಮರ್ಶೆ ಕಂಡುಕೊಂಡಿತು. ಅರಿಸಿನದ ಮೇಲೂ ಸಣ್ಣಪುಟ್ಟ ಅಧ್ಯಯನಗಳು ನಡೆದಿವೆ. ಆದರೆ ಸಾರಿಗೆ ಹಾಕುವ ಚಿಟಿಕೆ ಅರಿಸಿನವೇ ಬೇರೆ, ಸತ್ವ ತೆಗೆದು ಮೆಣಸಿನ ಅಂಶ ಬೆರೆಸಿ ಹೆಚ್ಚು ಹೀರಿಕೊಳ್ಳುವಂತೆ ಮಾಡಿದ ಮಾತ್ರೆಯೇ ಬೇರೆ. ಇಂಥ ಮಾತ್ರೆಗಳಿಂದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳನ್ನು 2022ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಅಡಿಗೆಮನೆಯಲ್ಲಿ ಇರುವ ಹೆಸರು ಎಂಬುದೊಂದೇ ಅಭಯವಲ್ಲ.

ತಟ್ಟೆಯ ಮೇಲಿನ ಆರೋಪ

ಆಹಾರದ ಮೇಲೆ ಭರವಸೆ ಇಡುವಷ್ಟೇ ಸುಲಭ ಆಹಾರದ ಮೇಲೆ ತಪ್ಪು ಹೊರಿಸುವುದು. ಇದಕ್ಕೆ ಕರ್ನಾಟಕದಲ್ಲೇ ಒಂದು ನಿದರ್ಶನವಿದೆ. ವಿಚಿತ್ರವೆಂದರೆ ಅದರಲ್ಲೂ ಏಡಿಯೇ ಬರುತ್ತದೆ.

1970ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ ಕೀಲುಗಳು ಹಾಳಾಗಿ ನಡೆಯಲಾಗದೆ ತೆವಳುವ ಸ್ಥಿತಿಗೆ ಬಂದ ಜನರು ವೈದ್ಯರ ಗಮನಕ್ಕೆ ಬಂದರು. ಹೆಚ್ಚಿನವರು ಭತ್ತದ ಗದ್ದೆಗಳಲ್ಲಿ ದುಡಿಯುವ ದಲಿತ ಕುಟುಂಬಗಳವರು. ಗದ್ದೆಗೆ ಕೀಟನಾಶಕ ಹೊಡೆಯಲು ಆರಂಭವಾಗಿದ್ದ ಕಾಲ ಅದು. ಬಡವರು ಗದ್ದೆಯ ಏಡಿ ಹಿಡಿದು ತಿನ್ನುತ್ತಾರೆ, ವಿಷ ಏಡಿಯ ಮೂಲಕ ಮೈಸೇರಿದೆ ಎಂಬ ಅನುಮಾನ ಬಲವಾಯಿತು. ಪರಿಸರದ ಬಗ್ಗೆ ಕಾಳಜಿಯುಳ್ಳವರಿಗೆ ಅದು ಸಹಜವಾದ ವಿವರಣೆಯಾಗಿಯೇ ಕಂಡಿತು. ಆದರೆ ಮುಂದೆ ಕುಟುಂಬಗಳ ವಂಶಾವಳಿಯನ್ನು ಹಿಡಿದು, ಎಕ್ಸ್-ರೇಗಳನ್ನು ಇಟ್ಟು ನೋಡಿದ ಸಂಶೋಧಕರು ಇದು ತಲೆಮಾರಿನಿಂದ ತಲೆಮಾರಿಗೆ ಬರುವ ಆನುವಂಶಿಕ ಕಾಯಿಲೆ ಎಂಬ ನಿರ್ಣಯಕ್ಕೆ ಬಂದರು. ಹಂದಿಗೋಡು ಕಾಯಿಲೆಗೆ ಬೇಕಾದದ್ದು ಊರುಗೋಲು, ಶಸ್ತ್ರಚಿಕಿತ್ಸೆ, ಪಿಂಚಣಿ, ಬದುಕುವ ದಾರಿ. ಏಡಿ ಬಿಟ್ಟರೆ ಸಾಕಾಗುವ ಕಾಯಿಲೆ ಅದಲ್ಲ.

ಒಂದು ಕಡೆ ಏಡಿ ಅಪರಾಧಿ, ಇನ್ನೊಂದು ಕಡೆ ಏಡಿಯ ಚಿಪ್ಪು ಉದ್ಧಾರಕ. ಎರಡೂ ಕಡೆ ಊಹೆ ಮುಂದೆ ಓಡಿತು, ಪರೀಕ್ಷೆ ಹಿಂದಿನಿಂದ ಬಂತು.

ಕೀಲುನೋವು ಒಂದೇ ಅಲ್ಲ

ಇಲ್ಲಿ ಇನ್ನೊಂದು ಮಾತು ಮುಖ್ಯ. ಕೀಲುನೋವು ಎಂಬ ಒಂದು ಹೆಸರಿನ ಕೆಳಗೆ ಹಲವು ಕಾಯಿಲೆಗಳಿವೆ. ನಮ್ಮ ಹಳೆಯ ವೈದ್ಯರಿಗೆ ಇದು ಗೊತ್ತಿತ್ತು. ಚರಕಸಂಹಿತೆ ಕೀಲಿಗೆ ಸೇರಿದ ವಾತವನ್ನು ಒಂದು ಕಡೆ ಹೇಳಿ ವಾತರಕ್ತವನ್ನು ಬೇರೆ ಅಧ್ಯಾಯದಲ್ಲಿ ವಿವರಿಸುತ್ತದೆ. ಮಾಧವನಿದಾನವು ಆಮವಾತವನ್ನು ಪ್ರತ್ಯೇಕ ರೋಗವಾಗಿ ಗುರುತಿಸುತ್ತದೆ. ಆಧುನಿಕ ವೈದ್ಯದಲ್ಲೂ ವಯಸ್ಸಾದಂತೆ ಬರುವ ಸವೆತ ಬೇರೆ, ಗೌಟ್ ಬೇರೆ, ರುಮಟಾಯ್ಡ್ ಸಂಧಿವಾತ ಬೇರೆ. ಈ ಕೊನೆಯದರಲ್ಲಿ ಶರೀರದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಕೀಲುಗಳನ್ನು ಹಾಳುಮಾಡುತ್ತದೆ. ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಬೆಳಗ್ಗೆ ಎದ್ದಾಗ ಎರಡೂ ಕೈಗಳ ಬೆರಳಿನ ಗಿಣ್ಣುಗಳು ಊದಿ, ಒಂದು ತಾಸು ಕಳೆದರೂ ಸಡಿಲಾಗದಿದ್ದರೆ ಅದು ಮಂಡಿ ಸವೆತದ ಲಕ್ಷಣವಲ್ಲ. ಇದಕ್ಕೆ ಮೆಥೊಟ್ರೆಕ್ಸೇಟಿನಂಥ ಪರಿಣಾಮಕಾರಿ ಔಷಧಗಳಿವೆ. ಆದರೆ ಅವನ್ನು ಬೇಗ ಆರಂಭಿಸಬೇಕು. ಮೂಳೆ ಒಮ್ಮೆ ತಿಂದುಹೋದರೆ ಮರಳಿ ಬರುವುದಿಲ್ಲ. ಮೊದಲ ಆರು ತಿಂಗಳನ್ನು ಬಾಟಲಿಯ ಭರವಸೆಯಲ್ಲಿ ಕಳೆದ ಹೆಂಗಸಿನ ನಷ್ಟವನ್ನು ಮಾತ್ರೆಯ ಬೆಲೆಯಿಂದ ಅಳೆಯಲಾಗದು.

ಇನ್ನೊಂದು ಅಪಾಯವೂ ಇದೆ. ಎರಡೇ ದಿನಗಳಲ್ಲಿ ಪವಾಡದಂತೆ ನೋವು ಮಾಯ ಮಾಡುವ ‘ನೈಸರ್ಗಿಕ’ ಪುಡಿಗಳಲ್ಲಿ ಹೇಳದೆಯೇ ಸ್ಟೀರಾಯ್ಡ್ ಬೆರೆಸಿರುವುದುಂಟು. ಕೀಲುನೋವಿನ ಕೆಲವು ಪೂರಕ ಮಾತ್ರೆಗಳಲ್ಲಿ ಡೆಕ್ಸಾಮೆಥಸೋನ್ ಮತ್ತು ಡೈಕ್ಲೊಫೆನಾಕ್ ಅಡಗಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಪತ್ತೆಹಚ್ಚಿ ಎಚ್ಚರಿಸಿತು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರಿಗೆ ಶುದ್ಧ ಗ್ಲುಕೋಸಮೈನ್ ಕೂಡ ನಿರಪಾಯವಲ್ಲ. ನಮ್ಮಲ್ಲಿ ಸಂಧಿವಾತವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆ ನಿಷೇಧಿಸಿದೆ. ಪೂರಕ ಆಹಾರಗಳ ಬಗ್ಗೆ 2016ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ಇದು ಔಷಧವಾಗಿ ಬಳಸಲು ಅಲ್ಲ ಎಂದು ಬರೆಯಲೇಬೇಕು. ಮುಂಭಾಗದಲ್ಲಿ ಓಡುವ ಅಜ್ಜನ ಚಿತ್ರ ದೊಡ್ಡದಾಗಿರುತ್ತದೆ, ಈ ಸಾಲು ಚಿಕ್ಕದಾಗಿರುತ್ತದೆ. ಕನ್ನಡಕ ಹಾಕಿಕೊಂಡಾದರೂ ಓದಬೇಕಾದ ಸಾಲು ಅದು.

ಮೃದ್ವಸ್ಥಿಯ ಊಟ

ಹಾಗಾದರೆ ಮಂಡಿಯ ಮೃದ್ವಸ್ಥಿಗೆ ಆಹಾರ ಯಾವುದು? 1743ರಲ್ಲಿ ವಿಲಿಯಂ ಹಂಟರ್ ಎಂಬ ಅಂಗರಚನಾ ತಜ್ಞ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ, ಮೃದ್ವಸ್ಥಿ ಒಮ್ಮೆ ನಾಶವಾದರೆ ಮತ್ತೆ ಬರುವುದಿಲ್ಲ ಎಂದಿದ್ದ. ಅದಕ್ಕೆ ಕಾರಣ ನಂತರ ಸ್ಪಷ್ಟವಾಯಿತು. ಕೆಲವೇ ಮಿಲಿಮೀಟರ್ ದಪ್ಪದ ಆ ಹೊದಿಕೆಗೆ ರಕ್ತನಾಳಗಳೇ ಇಲ್ಲ. ಅದು ನೀರು ಕುಡಿದ ಸ್ಪಂಜಿನ ಹಾಗೆ. ಹೆಜ್ಜೆ ಊರಿದಾಗ ಹಿಂಡಿಕೊಳ್ಳುತ್ತದೆ, ಎತ್ತಿದಾಗ ಕೀಲಿನ ದ್ರವವನ್ನು ಹೀರಿಕೊಳ್ಳುತ್ತದೆ. ಆ ದ್ರವದಲ್ಲೇ ಅದರ ಪೋಷಣೆ. ‘ಮಂಡಿಯಲ್ಲಿ ಗ್ರೀಸ್ ಒಣಗಿದೆ’ ಎಂದು ಕೂತುಬಿಡುವವರ ಮೃದ್ವಸ್ಥಿ ಉಪವಾಸ ಬೀಳುತ್ತದೆ. ನಡಿಗೆಯೇ ಅದರ ಊಟ.

ಇದರ ಜತೆಗೆ ಇನ್ನೊಂದು ಲೆಕ್ಕ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ಅಳೆದು ತೋರಿಸಿದೆ. ಗ್ಲುಕೋಸಮೈನ್ ಬೇಡವೆಂದ ಅದೇ 2019ರ ಸೂತ್ರಗಳು ವ್ಯಾಯಾಮವನ್ನೂ, ದಪ್ಪಗಿರುವವರಿಗೆ ತೂಕ ಇಳಿಸುವುದನ್ನೂ ಬಲವಾಗಿ ಶಿಫಾರಸು ಮಾಡಿವೆ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಆಸರೆ ಹೆಚ್ಚು. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರವಾಗಿ ಚಾಚಿ ಐದು ಎಣಿಸುವುದಕ್ಕೆ ಬಾಟಲಿ ಬೇಕಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ ಎಂದ ಹಿರಿಯರು ಹೇಳಿದ್ದು ಊಟವನ್ನು ಬಲ್ಲವನ ಬಗ್ಗೆ. ಏನು, ಎಷ್ಟು, ಯಾವಾಗ ಎಂಬ ಹದದ ಮಾತು ಅದು. ಹದ ತಪ್ಪಿದ ಮೇಲೆ ಒಂದು ಮಾತ್ರೆ ತಿಂದು ಸರಿಮಾಡಬಹುದು ಎಂದು ಅವರು ಹೇಳಿರಲಿಲ್ಲ. ಕಾಲು ಸೂಪು ರುಚಿಯಾಗಿದ್ದರೆ ಕುಡಿಯಲು ಅಡ್ಡಿಯಿಲ್ಲ. ಮಗ ತಂದ ಬಾಟಲಿಯ ಹಿಂದೆ ಪ್ರೀತಿ ಇದೆ, ಅದನ್ನೂ ಅಲ್ಲಗಳೆಯಬೇಕಿಲ್ಲ. ಆದರೆ ಮಗ ಊರಿನಲ್ಲಿರುವ ಆ ಹದಿನೈದು ದಿನ, ಸಂಜೆ ಹೊತ್ತು ತಾಯಿಯ ಕೈ ಹಿಡಿದು ಬೀದಿಯ ಕೊನೆಯವರೆಗೆ ನಡೆಸಿಕೊಂಡು ಹೋಗಿ ಬಂದರೆ, ಮಂಡಿಗೆ ಸಿಗುವ ಪೋಷಣೆ ಬಾಟಲಿಯದಕ್ಕಿಂತ ಹೆಚ್ಚು. ಮಗ ಹಿಂದಿರುಗಿದ ಮೇಲೂ ಆ ನಡಿಗೆ ಮುಂದುವರಿಯಬೇಕು, ಅಷ್ಟೇ.